ಕಾಲೇಜು ಹುಡುಗಿಯರ ಚಿಂತೆ ಜಾಸ್ತಿ ಅಂತಾರೆ, ಯಾಕೆ?

ಚಿಂತೆ ಅಳೆಯಲು 16 ವಾಕ್ಯಗಳ ಒಂದು ಪ್ರಶ್ನಾವಳಿ ಇದೆ. ಒಂದು ಕೆಲಸ ಮುಗಿಯುತ್ತಿದ್ದಂತೆ ಮುಂದಿನದರ ಚಿಂತೆ ಹತ್ತಿಕೊಳ್ಳುತ್ತದೆ, ಚಿಂತೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ ಎಂಬಂಥ ಮಾತುಗಳು ಅದರಲ್ಲಿವೆ. ‘ಇದು ನನಗೆ ಒಂಚೂರೂ ಹೊಂದುವುದಿಲ್ಲ’ ಅನ್ನಿಸಿದರೆ 1, ಪೂರ್ತಿ ಹೊಂದುತ್ತದೆ ಅನ್ನಿಸಿದರೆ 5. ಐದು ವಾಕ್ಯಗಳು ಉಲ್ಟಾ ಇರುತ್ತವೆ, ‘ನಾನು ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ’ ಎಂಬ ಧಾಟಿಯವು. ಅವುಗಳ ಅಂಕವನ್ನು ತಿರುವಿ ಹಾಕಿ ಕೂಡಿಸುತ್ತಾರೆ. ಮೊತ್ತ 16ಕ್ಕಿಂತ ಕಡಿಮೆ ಬರುವುದಿಲ್ಲ, 80 ದಾಟುವುದಿಲ್ಲ. ಇದರ ಹೆಸರು ಪೆನ್ ಸ್ಟೇಟ್ ಚಿಂತೆ ಪ್ರಶ್ನಾವಳಿ. 1990ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ಇದನ್ನು ಹಂಚಿದಾಗ ಮತ್ತೆ ಮತ್ತೆ ಕಂಡಿದ್ದು ಒಂದೇ. ಹುಡುಗಿಯರ ಸರಾಸರಿ ಹುಡುಗರ ಸರಾಸರಿಗಿಂತ ಮೇಲಿರುತ್ತದೆ. ಚಿಂತೆ ಕಾಯಿಲೆಯ ಮಟ್ಟಕ್ಕೆ ಹೋದರೂ ಅಷ್ಟೇ. ದಿನವಿಡೀ ಬಿಡದೆ ಕಾಡುವ ಆತಂಕದ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು.

ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಈ ಮಾತು ಹೇಳಿ ನೋಡಿ. ಯಾರೂ ಬೆರಗಾಗುವುದಿಲ್ಲ. ‘ಹುಡುಗ್ಯಾರಂದ್ರ ಹಂಗ, ಸಣ್ಣದಕ್ಕೂ ತಲಿ ಕೆಡಿಸ್ಕೊಂತಾರ’ ಅಂತ ಹೇಳಿ ಎದ್ದು ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಅಂಕಿ ಸುಳ್ಳಲ್ಲ. ಆದರೆ ಅದಕ್ಕೆ ‘ಹಂಗ’ ಎಂಬ ಒಂದೇ ಕಾರಣ ಸಾಲುವುದಿಲ್ಲ.

ಮೊದಲು ಸರಾಸರಿಯ ವಿಷಯ. ಹುಡುಗಿಯರ ಸರಾಸರಿ ಜಾಸ್ತಿ ಅಂದರೆ ಪ್ರತಿ ಹುಡುಗಿಯ ಚಿಂತೆಯೂ ಪ್ರತಿ ಹುಡುಗನಿಗಿಂತ ಜಾಸ್ತಿ ಅಂತಲ್ಲ. ಇಂಥ ಅಧ್ಯಯನಗಳಲ್ಲಿ ಕಾಣುವ ಅಂತರ ಸಣ್ಣದರಿಂದ ಮಧ್ಯಮ. ಹಾಗಂದರೇನು? ಕಣ್ಣು ಮುಚ್ಚಿ ಒಬ್ಬ ಹುಡುಗಿ, ಒಬ್ಬ ಹುಡುಗನನ್ನು ಆರಿಸಿ ಜೋಡಿ ಮಾಡಿ. ಹೀಗೆ 100 ಜೋಡಿ ಮಾಡಿದರೆ ಸುಮಾರು 60 ಜೋಡಿಗಳಲ್ಲಿ ಹುಡುಗಿಯ ಅಂಕ ಮೇಲಿರುತ್ತದೆ. ಉಳಿದ 40ರಲ್ಲಿ ಹುಡುಗನದೇ ಮೇಲು. ಒಂದೇ ಕ್ಲಾಸಿನ ಹುಡುಗಿಯರ ನಡುವೆ ಇರುವ ವ್ಯತ್ಯಾಸ, ಹುಡುಗ ಹುಡುಗಿಯರ ಸರಾಸರಿ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು.

ನಮ್ಮ ಎಂಎಸ್‌ಡಬ್ಲ್ಯೂ, ಬಿಎಡ್, ಮನಃಶಾಸ್ತ್ರದ ಪ್ರಾಜೆಕ್ಟ್‌ಗಳಲ್ಲಿ ಈ ಹೋಲಿಕೆಗೆ ಬಲು ಬೇಡಿಕೆ. ಯಾಕೆಂದರೆ ಸುಲಭ. ಎರಡು ಕಾಲಂ ಹಾಕು, ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟ್ ಎಂಬ ಲೆಕ್ಕ ಮಾಡು, ವ್ಯತ್ಯಾಸ ಇದೆ ಅಂತ ಬರೆ, ಬೈಂಡಿಂಗ್ ಮಾಡಿಸು. ಹಾಸ್ಟೆಲ್‌ನಲ್ಲಿರುವವರು ಮತ್ತು ದಿನಾ ಬಸ್ಸಿಗೆ ಓಡಾಡುವವರು, ಮನೆಯಲ್ಲಿ ಮೊದಲ ಬಾರಿ ಡಿಗ್ರಿ ಮೆಟ್ಟಿಲು ಹತ್ತಿದವರು ಮತ್ತು ಅಲ್ಲದವರು ಅಂತ ಹೋಲಿಸಿದರೆ ಬಹುಶಃ ಇನ್ನೂ ಹೆಚ್ಚು ತಿಳಿಯುತ್ತಿತ್ತು. ಇರಲಿ.

ಚಿಂತೆ ಅಂದರೆ ನಿಜಕ್ಕೂ ಏನು?

ಭಯ ಬೇರೆ, ಚಿಂತೆ ಬೇರೆ. ಹಾವು ಕಂಡರೆ ಭಯ, ಕಾಲು ಹಿಂದೆ ಸರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಚಿಂತೆಗೆ ಎದುರಿಗೆ ಏನೂ ಇರಬೇಕಿಲ್ಲ. ಇನ್ನೂ ನಡೆಯದಿರುವುದರ ಬಗ್ಗೆ ಒಂದಕ್ಕೊಂದು ಅಂಟಿಕೊಂಡು ಬರುವ ಯೋಚನೆಗಳ ಸರಪಳಿ ಅದು. ಬೇಡ ಅಂದರೂ ನಿಲ್ಲುವುದಿಲ್ಲ. ‘ಇಂಟರ್ನಲ್ಸ್‌ನಾಗ ಕಡಿಮಿ ಬಂದ್ರ? ಸೆಮ್ ಹೋದ್ರ? ಸ್ಕಾಲರ್‌ಶಿಪ್ ನಿಂತ್ರ? ಅಪ್ಪ ಊರಿಗೆ ಬಾ ಅಂದ್ರ?’ ಒಂದು ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಮುಂದಿನದು ಬಂದು ಕೂತಿರುತ್ತದೆ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಸುಸ್ತಾಗುತ್ತದೆ, ಇದ್ದ ಜಾಗ ಬಿಟ್ಟು ಕದಲುವುದಿಲ್ಲ.

ಆಗಿಹೋದದ್ದನ್ನು ಮೆಲುಕು ಹಾಕುವುದು ಇದರ ಅಕ್ಕತಂಗಿ ಇದ್ದಂತೆ, ಆದರೆ ಇದೇ ಅಲ್ಲ. ‘ವೈವಾದಲ್ಲಿ ಹಾಗೆ ಯಾಕೆ ಉತ್ತರ ಕೊಟ್ಟೆ’ ಅಂತ ರಾತ್ರಿಯೆಲ್ಲ ಕೊರಗುವುದು ಹಿಂದಕ್ಕೆ ನೋಡುವ ಮನಸ್ಸು. ಚಿಂತೆ ಮುಂದಕ್ಕೆ ನೋಡುತ್ತದೆ. ಕೊರಗುವುದರಲ್ಲೂ ಹೆಂಗಸರ ಸರಾಸರಿ ಸ್ವಲ್ಪ ಮೇಲಿದೆ.

ಬೋರ್ಕೊವೆಕ್ ಕಂಡುಕೊಂಡ ಒಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಚಿಂತೆ ಹೆಚ್ಚಾಗಿ ಮಾತಿನ ರೂಪದಲ್ಲಿರುತ್ತದೆ, ಚಿತ್ರದ ರೂಪದಲ್ಲಿ ಕಡಿಮೆ. ಫೇಲಾದ ರಿಸಲ್ಟ್ ಹಿಡಿದು ಅಪ್ಪನ ಮುಂದೆ ನಿಂತ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಂಡರೆ ಎದೆ ಝಲ್ ಅನ್ನುತ್ತದೆ. ಅದನ್ನೇ ‘ಫೇಲಾದರೆ ಏನು ಗತಿ’ ಅಂತ ಒಳಗೊಳಗೇ ಮಾತಾಡಿಕೊಂಡರೆ ಅಷ್ಟು ಝಲ್ ಅನ್ನುವುದಿಲ್ಲ. ಹಾಗಾಗಿ ಮನಸ್ಸು ದೃಶ್ಯದಿಂದ ತಪ್ಪಿಸಿಕೊಳ್ಳಲು ಮಾತಿನ ಹಿಂದೆ ಅಡಗುತ್ತದೆ. ಆ ಹೊತ್ತಿಗೆ ಸ್ವಲ್ಪ ಹಾಯೆನಿಸುತ್ತದೆ, ಅದೇ ಚಟವಾಗುತ್ತದೆ. ಜೊತೆಗೆ, ಚಿಂತೆ ಮಾಡಿದ ಬಹುಪಾಲು ಅನಾಹುತಗಳು ಹೇಗೂ ನಡೆಯುವುದಿಲ್ಲ. ‘ಚಿಂತೆ ಮಾಡಿದ್ದಕ್ಕೇ ತಪ್ಪಿತು’ ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

ಹುಡುಗಿಯರ ಅಂಕ ಏರುವುದು ಎಲ್ಲಿ?

ಕೆನಡಾದಲ್ಲಿ ಮೆಲಿಸಾ ರೋಬಿಶೋ, ಮಿಶೆಲ್ ಡ್ಯುಗಾ ಮತ್ತು ಸಂಗಡಿಗರು ಇದೇ ಪ್ರಶ್ನೆ ಹಿಡಿದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಒಟ್ಟು ಚಿಂತೆಯಲ್ಲಿ ಹುಡುಗಿಯರು ಮುಂದಿದ್ದರು. ವಿಷಯವಾರು ನೋಡಿದಾಗ ಎದ್ದು ಕಂಡದ್ದು ಆತ್ಮವಿಶ್ವಾಸದ ಚಿಂತೆ: ನನ್ನಿಂದ ಆಗುತ್ತದಾ, ಎಲ್ಲರ ಮುಂದೆ ಎಡವಟ್ಟು ಮಾಡಿಕೊಳ್ಳುತ್ತೇನಾ ಎಂಬ ಬಗೆಯದು. ಅವರು ಇನ್ನೂ ಎರಡು ಸಂಗತಿ ಗಮನಿಸಿದರು. ಸಮಸ್ಯೆ ಎದುರಾದಾಗ ‘ಇದು ದೊಡ್ಡ ಗಂಡಾಂತರ, ನನ್ನ ಕೈಲಿ ಆಗದು’ ಎಂಬ ಭಾವ ಹುಡುಗಿಯರಲ್ಲಿ ಹೆಚ್ಚಿತ್ತು. ಬೇಡದ ಯೋಚನೆಯನ್ನು ಬಲವಂತವಾಗಿ ಅದುಮುವ ಅಭ್ಯಾಸವೂ ಹೆಚ್ಚಿತ್ತು.

ಅದುಮಿದರೆ ಯೋಚನೆ ಹೋಗುವುದಿಲ್ಲ, ಇನ್ನೂ ಜೋರಾಗಿ ಬರುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರಾಗಿದೆ. ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅವರ ತಲೆಯಲ್ಲಿ ಮತ್ತೆ ಮತ್ತೆ ಬಂದದ್ದು ಬಿಳಿ ಕರಡಿಯೇ. ನಮ್ಮ ಮನೆಗಳಲ್ಲಿ ಅವ್ವ ಫೋನಿನಲ್ಲಿ ‘ಚಿಂತಿ ಮಾಡಬ್ಯಾಡವಾ’ ಅನ್ನುತ್ತಾರಲ್ಲ, ಪ್ರೀತಿಯಿಂದಲೇ ಹೇಳುವುದು. ಆದರೆ ಕೆಲಸ ಮಾಡುವುದು ಕರಡಿಯಂತೆಯೇ.

ಡ್ಯುಗಾ ಅವರ ಗುಂಪು ಚಿಂತೆಯ ಬುಡದಲ್ಲಿಟ್ಟದ್ದು ಇನ್ನೊಂದನ್ನು. ಏನಾಗುತ್ತದೋ ಗೊತ್ತಿಲ್ಲ ಎಂಬ ಸ್ಥಿತಿಯನ್ನು ತಾಳಿಕೊಳ್ಳಲಾಗದಿರುವುದು. ಇದು ಗಂಡು ಹೆಣ್ಣು ಇಬ್ಬರಿಗೂ ಸೇರಿದ್ದು. ಕೆಲವರಿಗೆ ಕೆಟ್ಟ ರಿಸಲ್ಟ್‌ಗಿಂತ ಬಾರದ ರಿಸಲ್ಟೇ ಹೆಚ್ಚು ಹಿಂಸೆ.

ಹಾರ್ಮೋನಿನ ಪಾತ್ರ ಇಲ್ಲವೇ ಅಂತ ಕೇಳಬಹುದು. ಇದೆ. ಹರೆಯದಿಂದಾಚೆಗೆ ಆತಂಕದಲ್ಲಿ ಗಂಡು ಹೆಣ್ಣಿನ ಅಂತರ ದೊಡ್ಡದಾಗುತ್ತದೆ, ತಿಂಗಳ ಮುಟ್ಟಿನ ಮೊದಲಿನ ದಿನಗಳಲ್ಲಿ ಕೆಲವರಿಗೆ ಚಿಂತೆ ಏರುತ್ತದೆ. ಆದರೆ ಹರೆಯದಲ್ಲಿ ಬದಲಾಗುವುದು ದೇಹ ಒಂದೇ ಅಲ್ಲವಲ್ಲ. ಎಲ್ಲಿಗೆ ಹೋಗಬಹುದು, ಎಷ್ಟೊತ್ತಿಗೆ ಬರಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದೂ ಅದೇ ವಯಸ್ಸಿನಲ್ಲಿ ಬದಲಾಗುತ್ತದೆ, ಹುಡುಗಿಗೆ ಒಂದು ಥರ, ಹುಡುಗನಿಗೆ ಇನ್ನೊಂದು ಥರ.

ನಮ್ಮ ಕಡೆಯ ‘ಏನಾಗುತ್ತದೋ’

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅನಿಶ್ಚಿತತೆಗೆ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟೂ ದಿನ ತುಂಬಿದ ಡ್ಯಾಮಿನ ನೀರು ನದಿಗೆ ಹರಿಯಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಮನೆಗಳಲ್ಲಿ ಎರಡನೇ ಬೆಳೆಯ ಮಾತು ಬಂದರೆ ಅದು ಮಕ್ಕಳ ಫೀಸಿನ ಮಾತೂ ಹೌದು. ಮಗ ಓದುತ್ತಿರಲಿ, ಮಗಳು ಓದುತ್ತಿರಲಿ, ಆ ವಾರದ ಚಿಂತೆಗೆ ಲಿಂಗಭೇದ ಇರಲಿಲ್ಲ.

ನೌಕರಿಯದ್ದೂ ಅದೇ ಕಥೆ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಬಾಡಿಗೆ ರೂಮಿನಲ್ಲಿ ಕೂತು ಓದಿದವರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ‘ಏನಾಗುತ್ತದೋ’. ಇದನ್ನು ತಾಳಿಕೊಳ್ಳಲಾಗದವರು ದುರ್ಬಲರು ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಹುಡುಗನಿಗೆ ನೌಕರಿ ಸಿಗದಿದ್ದರೆ ಏನು ಅನ್ನುವುದು ದೊಡ್ಡ ಪ್ರಶ್ನೆ, ಆದರೆ ಒಂದೇ ಪ್ರಶ್ನೆ. ಇನ್ನೊಂದು ಸಲ ಬರೆಯುತ್ತಾನೆ, ಇಲ್ಲವೇ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಕಡೆ ಕಾಂಟ್ರಾಕ್ಟ್ ಕೆಲಸ ಹುಡುಕುತ್ತಾನೆ. ಹುಡುಗಿಗೆ ಅದರ ಜೊತೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ‘ಈ ವರ್ಷ ಓದ್ಲಿ, ಆಮ್ಯಾಲೆ ನೋಡೂಣು’ ಅಂತ ಮನೆಯಲ್ಲಿ ಹೇಳಿರುತ್ತಾರೆ. ‘ಆಮ್ಯಾಲೆ’ ಅಂದರೆ ಯಾವಾಗ, ‘ನೋಡೂಣು’ ಅಂದರೆ ಏನು, ಅವಳಿಗೆ ಗೊತ್ತಿರುವುದಿಲ್ಲ. ಕೇಳುವ ಹಾಗೂ ಇಲ್ಲ. ಒಂದು ಪೇಪರ್ ಹೋದರೆ ಹುಡುಗನಿಗೆ ಅದು ಬ್ಯಾಕ್‌ಲಾಗ್. ಹುಡುಗಿಗೆ ಅದು ಬ್ಯಾಕ್‌ಲಾಗ್ ಜೊತೆಗೆ ಓದು ಬಿಡಿಸಲು ಮನೆಯವರ ಕೈಗೆ ಸಿಕ್ಕ ನೆಪ.

ಬಸ್ಸನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ದಿನಾ ಓಡಾಡುವ ಹುಡುಗಿಯರಿಗೆ ಇದು ಸಣ್ಣ ಸಹಾಯವಲ್ಲ. ‘ಇವತ್ತು ಬಸ್ ಚಾರ್ಜ್ ಯಾರ ಹತ್ರ ಕೇಳಲಿ’ ಎಂಬ ಚಿಂತೆ ಹೋಯಿತು. ಆದರೆ ಲ್ಯಾಬ್ ಐದೂವರೆಗೆ ಬಿಟ್ಟು ಕಲ್ಯಾಣ ಕರ್ನಾಟಕ ಸಾರಿಗೆಯ ಊರ ಬಸ್ಸು ಆರಕ್ಕೆ ಹೊರಟರೆ, ಆ ಅರ್ಧ ಗಂಟೆಯ ಲೆಕ್ಕ ಇನ್ನೂ ಅವಳದೇ. ಬಸ್ಸು ತಪ್ಪಿದ ಹುಡುಗ ಗೆಳೆಯನ ಬೈಕ್ ಹತ್ತುತ್ತಾನೆ. ಬಸ್ಸು ತಪ್ಪಿದ ಹುಡುಗಿ ಯಾರ ಬೈಕ್ ಹತ್ತಿದಳು ಅನ್ನುವುದು ಅವಳು ಮನೆ ಮುಟ್ಟುವ ಮೊದಲೇ ಊರಿಗೆ ಮುಟ್ಟಿರುತ್ತದೆ. ಇದನ್ನೆಲ್ಲ ಮುಂಚೆಯೇ ಯೋಚಿಸುವುದಕ್ಕೆ ‘ಸಣ್ಣದಕ್ಕೂ ತಲಿ ಕೆಡಿಸ್ಕೊಳ್ಳೂದು’ ಅನ್ನುವುದು ಅನ್ಯಾಯ ಅಲ್ವಾ?

ಈಗ ಕೆನಡಾದ ಆ ಮಾತಿಗೆ ಮರಳೋಣ. ‘ಸಮಸ್ಯೆ ದೊಡ್ಡದು, ನನ್ನ ಕೈಲಿ ಆಗದು’ ಎಂಬ ಭಾವ. ತನ್ನ ಓದು, ಓಡಾಟ, ಮದುವೆಯ ತೀರ್ಮಾನಗಳು ಬೇರೆಯವರ ಕೈಯಲ್ಲಿದ್ದಾಗ ಈ ಭಾವ ಹುಟ್ಟಿನಿಂದ ಬಂದ ಗುಣ ಆಗಬೇಕಿಲ್ಲ. ಹಲವು ವರ್ಷಗಳ ರೂಢಿಯಿಂದಲೂ ಬರಬಹುದು. ಸ್ವಂತವಾಗಿ ಸಮಸ್ಯೆ ಬಿಡಿಸುವ ಅವಕಾಶ ಎಷ್ಟು ಸಿಗುತ್ತದೋ ಅಷ್ಟೇ ಆ ಧೈರ್ಯ ಬೆಳೆಯುತ್ತದೆ. ಬ್ಯಾಂಕಿಗೆ ಹೋಗಿ ಅಕೌಂಟ್ ಸರಿಮಾಡಿಸುವುದಕ್ಕೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್‌ಗೆ ಸರ್ಕಾರಿ ಕಚೇರಿಗೆ ಓಡಾಡುವುದಕ್ಕೆ ಅಣ್ಣನನ್ನು ಕಳಿಸಿ, ತಂಗಿಯನ್ನು ಮನೆಯಲ್ಲೇ ಕೂರಿಸಿದರೆ ಅವಳ ಪಾಲಿಗೆ ಉಳಿಯುವುದು ಚಿಂತೆ ಮಾತ್ರ. ಇದು ನನ್ನ ಓದು, ಯಾವ ಪ್ರಶ್ನಾವಳಿಯೂ ಇದನ್ನು ಅಳೆಯುವುದಿಲ್ಲ.

ಇನ್ನೂ ಒಂದಿದೆ. ಮನೆಯ ಬಗ್ಗೆ ಚಿಂತೆ ಮಾಡುವ ಮಗಳಿಗೆ ‘ಕಾಳಜಿ ಐತಿ ಅಕಿಗೆ’ ಎಂಬ ಹೊಗಳಿಕೆ ಸಿಗುತ್ತದೆ. ಚಿಂತೆ ಒಳ್ಳೆಯದು ಎಂಬ ನಂಬಿಕೆಯೇ ಚಿಂತೆಯನ್ನು ಸಾಕುತ್ತದೆ ಅಂತ ಡ್ಯುಗಾ ಗುಂಪು ಹೇಳುವುದು ಇಂಥದ್ದನ್ನೇ.

ಹುಡುಗರ ಅಂಕ ನಿಜವಾಗಿ ಕಡಿಮೆಯೇ?

ಪ್ರಶ್ನಾವಳಿ ಅಳೆಯುವುದು ನಾವು ಒಪ್ಪಿಕೊಂಡಷ್ಟನ್ನು. ಒಪ್ಪಿಕೊಳ್ಳದ್ದು ಅದಕ್ಕೆ ಗೊತ್ತಾಗುವುದಿಲ್ಲ. 1992ರಲ್ಲಿ ಪ್ರಕಟವಾದ ಪಿಯರ್ಸ್ ಮತ್ತು ಕರ್ಕ್‌ಪ್ಯಾಟ್ರಿಕ್ ಅವರ ಪ್ರಯೋಗ ಚಿಂತೆಯದ್ದಲ್ಲ, ಭಯದ್ದು. ಆದರೂ ಇಲ್ಲಿಗೆ ಹೊಂದುತ್ತದೆ. ಇಲಿಯಂಥವುಗಳ ಬಗ್ಗೆ ಎಷ್ಟು ಭಯ ಅಂತ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ಅಂಕ ಬರೆಸಿಕೊಂಡರು. ಇನ್ನೊಂದು ಸಲ ಕೇಳುವಾಗ ಎದೆಬಡಿತ ಅಳೆಯುವ ಯಂತ್ರ ಜೋಡಿಸಿ, ಸುಳ್ಳು ಹೇಳಿದರೆ ತಿಳಿಯುತ್ತದೆ ಎಂಬ ಭಾವನೆ ಹುಟ್ಟಿಸಿದರು. ಹುಡುಗರ ಭಯದ ಅಂಕ ಏರಿಬಿಟ್ಟಿತು. ಹುಡುಗಿಯರದು ಏರಲಿಲ್ಲ. ಅವರು ಮೊದಲ ಸಲವೇ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು.

ನಮ್ಮಲ್ಲಿ ಯಂತ್ರ ಬೇಕಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಚಾ ಅಂಗಡಿಯಲ್ಲಿ ನಿಂತರೆ ಸಾಕು.

‘ಯಾಕಲೇ, ಮಾರಿ ಸಪ್ಪಗ ಮಾಡಿ?’

‘ಏನಿಲ್ಲಲೇ ದೋಸ್ತ, ನಿದ್ದಿ ಆಗಿಲ್ಲ.’

‘ಚಾ ಕುಡಿ, ಸರಿ ಹೋಗ್ತದ.’

ಅಲ್ಲಿಗೆ ಮಾತು ಮುಗಿಯಿತು. ಅಪ್ಪನ ಸಾಲದ ವಿಷಯ ಬರಲೇ ಇಲ್ಲ. ಗೆಳೆಯನಿಗೂ ಕೇಳುವ ಮನಸ್ಸಿಲ್ಲ ಅಂತಲ್ಲ, ಹೇಗೆ ಕೇಳಬೇಕು ಅಂತ ಅವನಿಗೆ ಯಾರೂ ತೋರಿಸಿಲ್ಲ. ಹುಡುಗನ ಚಿಂತೆ ಎಷ್ಟೋ ಸಲ ಬೇರೆ ವೇಷದಲ್ಲಿ ಹೊರಗೆ ಬರುತ್ತದೆ. ಗುಟ್ಕಾ ಜಾಸ್ತಿಯಾಗುತ್ತದೆ, ಫೋನಿನಲ್ಲಿ ಬೆಟ್ಟಿಂಗ್ ಶುರುವಾಗುತ್ತದೆ, ಅಟೆಂಡೆನ್ಸ್ ಬೀಳುತ್ತದೆ, ಸುಮ್ನೆ ಸಿಟ್ಟು ಬರುತ್ತದೆ. ಇವುಗಳನ್ನು ನಾವು ಉಡಾಳತನದ ಲೆಕ್ಕಕ್ಕೆ ಬರೆಯುತ್ತೇವೆ, ಚಿಂತೆಯ ಲೆಕ್ಕಕ್ಕೆ ಬರೆಯುವುದಿಲ್ಲ. ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವ ಪ್ರತಿ 10 ಜನರಲ್ಲಿ ಸುಮಾರು 7 ಜನ ಗಂಡಸರು. ಚಿಂತೆಯ ಹಾಳೆಯಲ್ಲಿ ಕಡಿಮೆ ಅಂಕ ಬಂದರೆ ನೆಮ್ಮದಿಯಾಗಿದ್ದಾರೆ ಅಂತ ತಿಳಿಯಲು ಈ ಅಂಕಿ ಬಿಡುವುದಿಲ್ಲ.

ಹಾಗಂತ ಇಡೀ ಅಂತರವೇ ಹುಡುಗರು ಮುಚ್ಚಿಟ್ಟಿದ್ದರಿಂದ ಹುಟ್ಟಿದ್ದು ಅಂತಲೂ ಅಲ್ಲ. ಹುಡುಗಿಯರ ಹೆಚ್ಚಿನ ಅಂಕದಲ್ಲಿ ನಿಜವಾದ ಹೆಚ್ಚಿನ ಚಿಂತೆಯೂ ಇದೆ, ಹುಡುಗರ ಕಡಿಮೆ ಅಂಕದಲ್ಲಿ ಹೇಳದೆ ಉಳಿದದ್ದೂ ಇದೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಕಾಲೇಜಿನ ಮೆಂಟರ್‌ಗಳಿಗೆ ಇದು ಗೊತ್ತಿರಬೇಕು. ಹುಡುಗನಿಗೆ ‘ಟೆನ್ಷನ್ ಇದೆಯಾ’ ಅಂತ ಕೇಳಿದರೆ ‘ಇಲ್ಲ ಸರ್’ ಅನ್ನುತ್ತಾನೆ. ‘ರಾತ್ರಿ ಎಷ್ಟೊತ್ತಿಗೆ ಮಲಗ್ತಿ, ಊಟ ಸರಿ ಆಗ್ತದಾ, ಮನೆಗೆ ಯಾವಾಗ ಹೋಗಿದ್ದಿ’ ಅಂತ ಕೇಳಿದರೆ ಉತ್ತರ ಬರುತ್ತದೆ.

ಏನು ಮಾಡಬಹುದು?

ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಒಂದು ಉಪಾಯ ಪರೀಕ್ಷಿಸಿ ನೋಡಿದ್ದರು. ಚಿಂತೆ ಬೇಡ ಅನ್ನುವ ಬದಲು ಅದಕ್ಕೊಂದು ಹೊತ್ತು ಗೊತ್ತು ಮಾಡುವುದು. ದಿನಾ ಒಂದೇ ಸಮಯ, ಒಂದೇ ಜಾಗ, 30 ನಿಮಿಷ. ಹಗಲಲ್ಲಿ ಚಿಂತೆ ಬಂದರೆ ಅದನ್ನು ಒಂದು ಸಾಲು ಬರೆದಿಟ್ಟು ‘ಸಂಜೆ ಐದಕ್ಕೆ’ ಅಂತ ಮುಂದಕ್ಕೆ ಹಾಕಬೇಕು. ಐದಕ್ಕೆ ಕೂತು ಮನಸಾರೆ ಚಿಂತೆ ಮಾಡಬೇಕು. ಕೇಳಿದರೆ ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಬರೆದಿಟ್ಟ ಸಾಲುಗಳಲ್ಲಿ ಕೆಲವು ಸಂಜೆಯ ಹೊತ್ತಿಗೆ ತಾವೇ ಸಪ್ಪೆಯಾಗಿರುತ್ತವೆ. ಹಾಸ್ಟೆಲ್‌ನಲ್ಲಿ ಹಾಸಿಗೆ ಮೇಲೆ ಕೂತು ಮಾತ್ರ ಇದನ್ನು ಮಾಡಬೇಡಿ. ಹಾಸಿಗೆ ಕಂಡರೆ ಚಿಂತೆ ನೆನಪಾಗುವಂತಾದರೆ ನಿದ್ದೆ ಕೆಡುತ್ತದೆ.

ಉಳಿದ ಸಾಲುಗಳನ್ನು ಎರಡು ಪಾಲು ಮಾಡಿ. ಈಗಲೇ ಇರುವ ಸಮಸ್ಯೆ ಒಂದು ಕಡೆ, ‘ಹಾಗಾದರೆ’ ಎಂಬ ಊಹೆ ಇನ್ನೊಂದು ಕಡೆ. ಇಂಟರ್ನಲ್ಸ್ ಅಂಕ ಪೋರ್ಟಲ್‌ನಲ್ಲಿ ತಪ್ಪಾಗಿದೆ ಅನ್ನುವುದು ಸಮಸ್ಯೆ, ನಾಳೆ ವಿಭಾಗದ ಆಫೀಸಿಗೆ ಹೋಗಿ ಅರ್ಜಿ ಕೊಡಬೇಕು. ಮೂರು ವರ್ಷದ ನಂತರ ಕೆಲಸ ಸಿಗದಿದ್ದರೆ ಅನ್ನುವುದು ಊಹೆ, ಅದಕ್ಕೆ ಇವತ್ತು ಅರ್ಜಿ ಕೊಡುವ ಕಿಟಕಿ ಇಲ್ಲ. ಊಹೆಯ ಪಾಲಿನದನ್ನು ಗೊತ್ತಿಲ್ಲದ ಹಾಗೇ ಇರಗೊಡುವುದನ್ನು ಸಣ್ಣ ಸಣ್ಣದರಿಂದ ಅಭ್ಯಾಸ ಮಾಡಬೇಕು. ಅಸೈನ್‌ಮೆಂಟ್ ಕೊಟ್ಟ ಮೇಲೆ ನಾಲ್ಕು ಜನರನ್ನು ‘ಸರಿ ಇದೆಯಾ’ ಅಂತ ಕೇಳುವ ಬದಲು ಒಬ್ಬರನ್ನು ಕೇಳಿ ನಿಲ್ಲಿಸುವುದು, ಅಷ್ಟು ಸಾಕು.

ಮನೆಯವರಿಗೆ ಒಂದೇ ಮಾತು: ‘ಆಮ್ಯಾಲೆ ನೋಡೂಣು’ ಬಿಡಿ. ಪಿಜಿ ಮುಗಿಯುವವರೆಗೆ ಮದುವೆ ಮಾತಿಲ್ಲ ಅಂತಾದರೂ ಹೇಳಿ, ಇದೆ ಅಂತಾದರೂ ಹೇಳಿ. ಇದೆ ಅಂದರೆ ಅವಳು ವಾದ ಮಾಡಬಹುದು. ‘ಆಮ್ಯಾಲೆ’ ಜೊತೆ ವಾದ ಮಾಡಲು ಆಗುವುದಿಲ್ಲ.

ಚಿಂತೆ ಆರು ತಿಂಗಳಾದರೂ ಹೆಚ್ಚಿನ ದಿನಗಳಲ್ಲಿ ಬಿಡದೆ ಕಾಡುತ್ತಿದ್ದರೆ, ಜೊತೆಗೆ ನಿದ್ದೆ ಕೆಟ್ಟು, ಮೈ ಬಿಗಿದು, ಓದಿದ್ದು ತಲೆಗೆ ಹತ್ತದೆ ಇದ್ದರೆ ಡಾಕ್ಟರ್ ನೋಡಬೇಕಾದ ಹೊತ್ತು ಅದು. ಸಾಯಬೇಕು ಎಂಬ ಯೋಚನೆ ಬಂದರೆ ಆರು ತಿಂಗಳು ಕಾಯುವುದಲ್ಲ, ಅವತ್ತೇ ಯಾರಿಗಾದರೂ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಮಾನಸಿಕ ರೋಗಗಳ ಹೊರರೋಗಿ ವಿಭಾಗ ಎಲ್ಲಿ ಅಂತ ಚೀಟಿ ಮಾಡಿಸುವ ಕೌಂಟರ್‌ನಲ್ಲಿ ಕೇಳಿದರೆ ತೋರಿಸುತ್ತಾರೆ. ಹೋಗುವಾಗ ನಿದ್ದೆ ಎಷ್ಟು ದಿನದಿಂದ ಸರಿಯಿಲ್ಲ, ಊಟ ಹೇಗಿದೆ, ಯಾವ ಹೊತ್ತಿನಲ್ಲಿ ಹೆಚ್ಚು ಕಾಡುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದುರಿಗೆ ಕೂತಾಗ ‘ಏನಿಲ್ಲ’ ಅಂತ ಬಾಯಿಗೆ ಬಂದರೂ ಆ ಚೀಟಿಯನ್ನು ಡಾಕ್ಟರ ಕೈಗೆ ಕೊಟ್ಟರಾಯಿತು.